ಭಾವನವರು ಪ್ರೀಆಂಪ್ ಆರಿಸಿದ್ದು

ನಮ್ಮ ಭಾವನವರಿಗೆ ಜೀವಮಾನದಲ್ಲಿ ಮೊದಲ ನೋಟಕ್ಕೇ ಒಪ್ಪಿಗೆಯಾದದ್ದು ಒಂದೇ ಒಂದು, ಅದು ನಮ್ಮ ಅಕ್ಕ. ಉಳಿದಂತೆ ಬದನೆಕಾಯಿಯಿಂದ ಹಿಡಿದು ಮಂತ್ರಿಮಂಡಲದವರೆಗೆ ಎಲ್ಲವನ್ನೂ ಅವರು ತಿರಸ್ಕರಿಸಿದವರೇ. ಆ ಪಟ್ಟಿಯಲ್ಲಿ ನಾದಿನಿಯಾದ ನಾನೂ ಇದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ತಿರಸ್ಕರಿಸುವುದು ಅವರ ಉದ್ಯೋಗವೇ ಆಗಿತ್ತು. ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ಆಗ ಅವರು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮೈಮುರಿದು ಮಾಡಿದ ಸಾಮಾನೆಲ್ಲ ಇವರ ಮೇಜಿಗೆ ಬರಬೇಕು. ಇವರು ಅದನ್ನು ಅಳೆದು, ತೂಗಿ, ಬೆರಳಿನಿಂದ ತಟ್ಟಿ ಕಿವಿಗಿಟ್ಟು ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಮೇಣದ ಪೆನ್ಸಿಲಿನಲ್ಲಿ ಇಂಟು ಮಾರ್ಕು, ಸರಿಯಿದ್ದದ್ದಕ್ಕೆ ಹಸಿರು ಪೆನ್ಸಿಲಿನಲ್ಲಿ ರೈಟು ಮಾರ್ಕು ಹಾಕಬೇಕು. ಕೆಂಪು ಪೆನ್ಸಿಲು ವಾರಕ್ಕೊಂದು ಸವೆಯುತ್ತಿತ್ತಂತೆ. ಹಸಿರು ಪೆನ್ಸಿಲು ಅವರು ಕೆಲಸಕ್ಕೆ ಸೇರಿದ ದಿನ ಕೊಟ್ಟದ್ದೇ ಇತ್ತು ಎಂದು ಅವರ ಸಹೋದ್ಯೋಗಿಗಳು ನಗುತ್ತಿದ್ದರು.

ಸಾಯಂಕಾಲ ಕಾರ್ಖಾನೆಯ ಬಸ್ಸಿನಿಂದ ಅವರು ಯಶವಂತಪುರದಲ್ಲಿ ಇಳಿದರೆ ಜೇಬಿನಲ್ಲಿದ್ದ ಆ ಎರಡು ಪೆನ್ಸಿಲುಗಳೂ ಜೊತೆಯಲ್ಲೇ ಇಳಿಯುತ್ತಿದ್ದವು. ಮನೆಯಲ್ಲಿ ಕೆಲಸ ಮುಂದುವರಿಯುತ್ತಿತ್ತು. ಅಕ್ಕ ತಂದ ಬದನೆಕಾಯಿಯ ಮೇಲೆ ಇಂಟು. ಇಸ್ತ್ರಿಯಾಗಿ ಬಂದ ಅಂಗಿಯ ಕಾಲರಿನ ಮೇಲೆ ಇಂಟು. ಅದನ್ನು ತೊಳೆದು ಪುನಃ ಇಸ್ತ್ರಿಯವನಿಗೇ ಕೊಡಬೇಕು! ಒಮ್ಮೆ ನನಗೆಂದು ಬಂದ ವರನ ಜಾತಕದ ಮೂಲೆಯಲ್ಲಿ ಒಂದು ಇಂಟು ಹಾಕಿ, ಅದೇ ಲಕೋಟೆಯಲ್ಲಿಟ್ಟು ಹಿಂದಿರುಗಿಸಿದ್ದರು. ಆ ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿಲ್ಲ. ವರನ ಭಾವಚಿತ್ರ ನಾನೂ ನೋಡಿದ್ದೆ.

ಅವರ ಇಲಾಖೆಯಲ್ಲಿ ಒಂದು ನಿಯಮವಿತ್ತು. ಹಸಿರು ಮಾರ್ಕು ಬಿದ್ದು ಪಾಸಾದ ಸಾಮಾನನ್ನು ಮತ್ತೆ ಪರೀಕ್ಷೆಗೆ ತೆಗೆದುಕೊಳ್ಳುವ ಹಾಗಿಲ್ಲ. ಭಾವನವರು ಇದನ್ನು ಮನೆಯಲ್ಲೂ ಪಾಲಿಸುತ್ತಿದ್ದರು. ಅವರ ಬಳಿ ಹಿಡಿಕೆಯ ಮೇಲೆ ಹಸಿರು ಮಾರ್ಕಿದ್ದ ಒಂದು ಕೊಡೆಯಿತ್ತು. ಹೇಗೋ ಒಂದು ದುರ್ಬಲ ಗಳಿಗೆಯಲ್ಲಿ ಪಾಸು ಮಾಡಿಬಿಟ್ಟಿದ್ದರು. ಅದು ಬಲಗಡೆ ಸೋರುತ್ತಿತ್ತು. ಮಳೆಗಾಲವಿಡೀ ಅವರ ಬಲಭುಜ ಒದ್ದೆ.

"ಭಾವ, ಆ ಕೊಡೆ ಬಿಸಾಕಿ ಬೇರೆ ತಗೋಬಾರ್ದೇ?" ಎಂದರೆ, "ಪಾಸಾಗಿದೆ ಕಣಮ್ಮ ಅದು" ಎನ್ನುತ್ತಿದ್ದರು.

"ಸೋರುತ್ತಲ್ಲ?"

"ಅದು ನನ್ ತಪ್ಪು. ಕೊಡೇದಲ್ಲ."

ಅಕ್ಕನನ್ನು ನೋಡಲು ಅವರು ಬಂದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿನೆಂಟು. ನಮ್ಮ ಅಮ್ಮ ಅಂದು ಬೆಳಗಿನಿಂದ ಜಮಖಾನವನ್ನು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಮೂರು ಸಲ ಎಳೆದಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾಕಮ್ಮಾ ಎಂದು ಕೇಳಿದ್ದಕ್ಕೆ "ಬಿಸಿಲು ಕಣ್ಣಿಗೆ ಹೊಡೆಯುತ್ತೆ" ಎಂದಳು. ಮೋಡ ಮುಸುಕಿದ ದಿನ ಬಿಸಿಲೆಲ್ಲಿಂದ ಬಂತೋ! ಹಿರಿಯರ ವಿಷಯದಲ್ಲಿ ಇಂಥ ಪ್ರಶ್ನೆಗಳನ್ನು ಆಗ ಕೇಳುವಂತಿರಲಿಲ್ಲ. ಅಕ್ಕ ಒಂದು ದೇವರನಾಮ ಹಾಡಿದಳು. ಗಂಡಿನ ಕಡೆಯ ಹಿರಿಯರು ಒಂದೆರಡು ಪ್ರಶ್ನೆ ಕೇಳಿದರು. ಗಂಡು ಮಾತ್ರ ತುಟಿ ಬಿಚ್ಚಲಿಲ್ಲ. ಜೇಬಿನಿಂದ ಹಸಿರು ಪೆನ್ಸಿಲು ತೆಗೆದು, ಕೋಡುಬಳೆ ಕಟ್ಟಿಕೊಟ್ಟಿದ್ದ ಕಾಗದದ ಮೇಲೆ ಒಂದು ರೈಟು ಮಾರ್ಕು ಎಳೆದು ತನ್ನ ತಂದೆಯ ಕೈಗೆ ಕೊಟ್ಟಿತು. ಮದುವೆ ನಿಶ್ಚಯವಾಯಿತು.

ನಾನು ಓದು ಮುಗಿಸಿ ಯಶವಂತಪುರದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾದ ಮೇಲೆ ಅವರ ಮನೆಯಲ್ಲೇ ಉಳಿದೆ. ಮನೆಯಲ್ಲಿ ನಾವು ಮೂವರೇ. ರೈಲುಹಳಿಯ ಪಕ್ಕದ ಮನೆ. ಹಜಾರದಲ್ಲಿ ಒಂದು ಹಳೆಯ ರೇಡಿಯೋ ಇತ್ತು. ಸಂಗೀತ ಕಚೇರಿ ಬರುವ ಹೊತ್ತಿಗೆ ಅಕ್ಕ ಕೈಯೊರೆಸಿಕೊಂಡು ಬಂದು, ರೇಡಿಯೋದ ನೆತ್ತಿಯ ಮೇಲೆ ಅಂಗೈಯಿಟ್ಟು, ಕಣ್ಣುಮುಚ್ಚಿ ನಿಂತುಬಿಡುತ್ತಿದ್ದಳು. ಗಂಟೆ ಹೊತ್ತು ಹಾಗೇ. ಅಪಸ್ವರ ಬಂದರೆ ಅವಳ ಹುಬ್ಬು ತುಸು ಮೇಲೇರುತ್ತಿತ್ತು. ಭಾವನವರು ರೇಡಿಯೋವನ್ನು ಕೇಳುತ್ತಿರಲಿಲ್ಲ, ಅಕ್ಕನ ಹುಬ್ಬನ್ನು ನೋಡುತ್ತಿದ್ದರು.

"ನಿಮ್ಮಕ್ಕನ ಕಿವಿ ಇದೆಯಲ್ಲ, ಅದು ಮೀಟರು ಕಣಮ್ಮ. ಅಂಥ ಮೀಟರು ನಮ್ ಫ್ಯಾಕ್ಟ್ರೀಲೂ ಇಲ್ಲ" ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳುತ್ತಿದ್ದರು.

ಆ ಮೀಟರಿಗೆ ತಕ್ಕ ಯಂತ್ರ ಬೇಡವೇ? ಮೊದಲು ಒಂದು ರೆಕಾರ್ಡು ನುಡಿಸುವ ಯಂತ್ರ ಬಂತು. ಅದಕ್ಕೆ ಭಾವನವರೇ ಒಂದು ಪ್ರೀಆಂಪ್ಲಿಫೈಯರ್ ಕಟ್ಟಿದರು. ಹಾಗೆಂದರೇನು ಎಂದು ನಾನು ಕೇಳಿದಾಗ ಅವರು ಕೊಟ್ಟ ವಿವರಣೆಯನ್ನು ಇಲ್ಲಿ ಕೊಡುತ್ತೇನೆ. ಮುಳ್ಳು ರೆಕಾರ್ಡಿನಿಂದ ಎತ್ತಿಕೊಡುವ ದನಿ ತೀರ ಸಣ್ಣದು, ಕಚೇರಿಯ ಬಾಗಿಲಲ್ಲಿ ನಿಂತ ಹಳ್ಳಿಯವನ ದನಿಯ ಹಾಗೆ. ಒಳಗಿರುವ ದೊಡ್ಡ ಆಂಪ್ಲಿಫೈಯರ್ ಸಾಹೇಬರಿಗೆ ಅದು ಕೇಳಿಸುವುದಿಲ್ಲ. ನಡುವೆ ಒಬ್ಬ ಗುಮಾಸ್ತ ಬೇಕು. ಇವನ ಮಾತನ್ನು ಕೇಳಿಸಿಕೊಂಡು, ತಿದ್ದಿ, ತುಸು ಗಟ್ಟಿಯಾಗಿ ಸಾಹೇಬರಿಗೆ ಹೇಳುವವನು. ಆ ಗುಮಾಸ್ತನೇ ಪ್ರೀಆಂಪು. ಗುಮಾಸ್ತ ಸರಿಯಿಲ್ಲದಿದ್ದರೆ ಸಾಹೇಬ ಎಷ್ಟು ದೊಡ್ಡವನಾಗಿ ಏನು ಪ್ರಯೋಜನ?

ಈ ಮೊದಲನೆಯ ಗುಮಾಸ್ತನನ್ನು ಅವರು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಕೂರಿಸಿದ್ದರು. ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರ. ಮನೆಗೆ ಬಂದ ನಮ್ಮ ದೊಡ್ಡತ್ತೆ ಒಬ್ಬರು ಕಾಫಿ ಬರುವವರೆಗೆ ತಾಳಲಾರದೆ ಆ ಡಬ್ಬಿಯ ಮುಚ್ಚಳ ತೆಗೆಯಲು ಹೋಗಿ, ಶಾಕ್ ಹೊಡೆಸಿಕೊಂಡು ಗೋಡೆಗೆ ಒರಗಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಬಿಸ್ಕತ್ತನ್ನು ಮುಟ್ಟಲೇ ಇಲ್ಲ.

ಅಷ್ಟು ಹೊತ್ತಿಗೆ ಸ್ಟೀರಿಯೋ ಎಂಬುದು ಬಂತು. ಭಾವನವರ ಗೆಳೆಯರಾದ, ಹೊರದೇಶಕ್ಕೆ ತರಬೇತಿಗೆ ಹೋಗಿಬಂದಿದ್ದ ಟೆಸ್ಟಿಂಗ್ ವಿಭಾಗದ ರಂಗಪ್ಪನವರು ಅದರ ಕಥೆ ಹೇಳಿದರು. ಪೆಟ್ಟಿಗೆ ಒಂದಲ್ಲ, ಎರಡಂತೆ. ಎಡಗಡೆಯದರಲ್ಲಿ ಪಿಟೀಲು, ಬಲಗಡೆಯದರಲ್ಲಿ ಮೃದಂಗ, ನಡುವೆ ಗಾಯಕರು. ಕಣ್ಣುಮುಚ್ಚಿದರೆ ವಿದ್ವಾಂಸರು ನಮ್ಮ ಹಜಾರದಲ್ಲೇ ಕೂತಂತೆ ಇರುತ್ತದಂತೆ. ಭಾವನವರು ಬಿಸ್ಕತ್ತಿನ ಡಬ್ಬಿಯನ್ನು ಕೆಳಗಿಳಿಸಿ, ಅದರ ಗುಲಾಬಿ ಹೂವಿನ ಮೇಲೆ ಕೆಂಪು ಇಂಟು ಹಾಕಿ ಅಟ್ಟಕ್ಕೆ ಸೇರಿಸಿದರು. "ಒಂದೇ ಕಡೆ ದನಿ. ರಿಜೆಕ್ಟ್."

ಮತ್ತಿಕೆರೆಯ ಆಚಾರಿಯೊಬ್ಬರು ಎರಡು ಪೆಟ್ಟಿಗೆಗಳನ್ನು ಮಾಡಿಕೊಟ್ಟರು. ಅವರು ದೇವರ ಮಂಟಪ ಮಾಡುವವರು. ಹೀಗಾಗಿ ಎರಡರ ಮೇಲೂ ಕಮಲ, ಬದಿಯಲ್ಲಿ ಗಿಳಿ. ಹೊಸದಾಗಿ ಬಂದವರು ಚಪ್ಪಲಿ ಬಿಟ್ಟು ಕೈಮುಗಿದದ್ದೂ ಉಂಟು. ಎರಡು ಪೆಟ್ಟಿಗೆಗಳ ನಡುವೆ ಸರಿಯಾದ ಅಳತೆಯಲ್ಲಿ ಒಂದು ಕುರ್ಚಿ. ಕುರ್ಚಿ ಕದಲಬಾರದೆಂದು ಅದರ ನಾಲ್ಕು ಕಾಲುಗಳ ಸುತ್ತ ಗಾರೆ ನೆಲದ ಮೇಲೆ ನಾಲ್ಕು ಬಿಳಿ ಬಳೆಗಳನ್ನು ಬಣ್ಣದಲ್ಲಿ ಬರೆದಿದ್ದರು. ಸ್ಟೀರಿಯೋ ಕೇಳಬೇಕಾದರೆ ಆ ಕುರ್ಚಿಯಲ್ಲೇ ಕೂರಬೇಕು. ಕೂತವರು ಸುಮ್ಮನೆ ಕೇಳಿ ಎದ್ದುಹೋಗುವಂತಿಲ್ಲ, ಪರೀಕ್ಷೆ ಇರುತ್ತಿತ್ತು.

"ಪಿಟೀಲು ಯಾವ್ ಕಡೆ?"

"ಎಡಗಡೆ."

"ಮೃದಂಗ?"

"ಬಲಗಡೆ."

"ಹೂಂ. ಏಳಿ. ಮುಂದಿನವರು."

ಮೊದಲ ಭಾನುವಾರ ಮೊದಲು ಕೂತದ್ದು ಅಕ್ಕ. ಭಾವನವರು ಅವಳನ್ನು ಹಸೆಮಣೆಗೆ ಕರೆದಂತೆ ಕರೆದು ಕೂರಿಸಿದರು. ರೆಕಾರ್ಡು ಸುತ್ತಿತು. "ಪಿಟೀಲು ಯಾವ ಕಡೆ ಹೇಳು ನೋಡೋಣ" ಎಂದರು. ಅಕ್ಕ ನನ್ನ ಮುಖ ನೋಡಿದಳು. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವಳ ಹಾಳೆಗೆ ಕಣ್ಣು ಹಾಕುವ ಹುಡುಗಿಯರನ್ನು ದಿನಾ ನೋಡುವವಳು ನಾನು. ನನಗೆ ನಗು ಬಂತು. ತಮಾಷೆಗೆಂದು ಹುಬ್ಬಿನಲ್ಲೇ ಎಡಗಡೆ ತೋರಿಸಿದೆ. "ಎಡಗಡೆ" ಎಂದಳು. "ಭೇಷ್. ಮೃದಂಗ?" ಎಂದು ಇವರು ಕೇಳುವಷ್ಟರಲ್ಲಿ, "ಸಾರು ಉಕ್ಕುತ್ತೆ, ಬಂದೆ" ಎಂದು ಎದ್ದು ಒಳಗೆ ಹೋದಳು.

ಅಂದು ಏಕಾದಶಿ. ಒಲೆಯನ್ನೇ ಹಚ್ಚಿರಲಿಲ್ಲ.

ಅಂದಿನಿಂದ ಅಕ್ಕ ಆ ಕುರ್ಚಿಯಲ್ಲಿ ಕೂರಲಿಲ್ಲ. ಹಜಾರದಲ್ಲಿ ರೆಕಾರ್ಡು ಸುತ್ತಿತೆಂದರೆ ಅವಳಿಗೆ ಹಿತ್ತಲಿನಲ್ಲಿ ಕೆಲಸ ಹುಟ್ಟುತ್ತಿತ್ತು. ರೇಡಿಯೋದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದವಳು ಸಂಗೀತದ ಸುದ್ದಿಯನ್ನೇ ಬಿಟ್ಟಳು. ಭಾವನವರು ಇದಕ್ಕೆ ಕಾರಣವೇನೆಂದು ಒಂದು ವಾರ ಯೋಚಿಸಿ, ಇನ್‌ಸ್ಪೆಕ್ಟರಿಗೆ ತಕ್ಕ ತೀರ್ಮಾನಕ್ಕೆ ಬಂದರು.

"ಮೀಟರಿನಲ್ಲಿ ತಪ್ಪಿರೋಕೆ ಸಾಧ್ಯವಿಲ್ಲ. ಪ್ರೀಆಂಪ್ ಸರಿಯಿಲ್ಲ. ಎಲ್ಲೋ ಏನೋ ಅವಳ ಕಿವಿಗೆ ಚುಚ್ತಾ ಇದೆ. ನಮ್ಮಂಥವರ ಕಿವಿಗೆ ಅದು ತಿಳಿಯೋಲ್ಲ."

"ಅಕ್ಕನ್ನೇ ಕೇಳಿ."

"ಮೀಟರ್‌ನ ಯಾರಾದ್ರೂ ಪ್ರಶ್ನೆ ಕೇಳ್ತಾರೇನಮ್ಮ? ಓದ್ಬೇಕು ಅಷ್ಟೆ. ಅವಳು ಆ ಕುರ್ಚೀಲಿ ಕೂತು, ಒಂದು ರೆಕಾರ್ಡು, ಎರಡೂ ಮಗ್ಗುಲು, ಏಳದೆ ಕೇಳ್ಬೇಕು. ಅವತ್ತು ಹಸಿರು ಹಾಕ್ತೀನಿ. ಅಲ್ಲೀವರೆಗೆ ಎಲ್ಲಾ ರಿಜೆಕ್ಟ್."

ಹೀಗೆ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸುವಂಥ ಪ್ರೀಆಂಪಿಗಾಗಿ ಎರಡು ವರ್ಷದ ಹುಡುಕಾಟ ಶುರುವಾಯಿತು. ಪ್ರೀಆಂಪುಗಳು ಮನೆಗೆ ಬಂದವು, ಹೋದವು. ನನಗೆ ಅಷ್ಟು ಗಂಡುಗಳೂ ಬರಲಿಲ್ಲ.

ಆ ಮೊದಲ ಭಾನುವಾರದಿಂದ ಇದ್ದ ಎರಡನೆಯದನ್ನು ಕಟ್ಟಿಕೊಟ್ಟವರು ರಂಗಪ್ಪನವರೇ. ನೋಡಲು ಲಕ್ಷಣವಾಗಿತ್ತು. ಆದರೆ ಹಾಡಿನ ಹಿಂದೆ ಭ್ರಮರ ಹೊಕ್ಕಂತೆ ಒಂದು ಗುಂಯ್ ಎನ್ನುವ ಸದ್ದು. ನೆಲಕ್ಕೆ ಒಂದು ತಂತಿ ಇಳಿಸಿದರೆ ಅದು ಹೋಗುತ್ತದೆ, ತಂತಿಯ ಬುಡ ಸದಾ ಒದ್ದೆಯಾಗಿರಬೇಕು ಎಂದು ರಂಗಪ್ಪನವರು ಹೇಳಿದರು. ನಮ್ಮ ಹಿತ್ತಲಿನಲ್ಲಿ ಸದಾ ಒದ್ದೆಯಾಗಿರುವ ಜಾಗ ಒಂದೇ, ತುಳಸಿಕಟ್ಟೆಯ ಬುಡ. ಅಲ್ಲಿ ತಾಮ್ರದ ಸರಳೊಂದನ್ನು ಹೂತರು. ಅಕ್ಕ ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ನೀರೆರೆದರೆ ಒಳಗೆ ಗುಂಯ್ ನಿಲ್ಲುತ್ತಿತ್ತು. ಮಧ್ಯಾಹ್ನ ಮಣ್ಣು ಒಣಗಿದರೆ ಮತ್ತೆ ಶುರು.

"ಇವಳೇ, ತುಳಸಿಗೆ ಇನ್ನೊಂದ್ ಸಲ ನೀರು ಹಾಕ್ತೀಯಾ?" ಎಂದು ಹಜಾರದಿಂದ ಕೂಗುತ್ತಿದ್ದರು.

ದೇವರ ಮೇಲೆ ಅಷ್ಟಕ್ಕಷ್ಟೇ ಆಗಿದ್ದ ಭಾವನವರಿಗೆ ಇದ್ದಕ್ಕಿದ್ದಂತೆ ಭಕ್ತಿ ಬಂದಿದೆ ಎಂದು ಪಕ್ಕದ ಮನೆಯವರು ಸಂತೋಷಪಟ್ಟರು. ಆ ವರ್ಷ ಅತಿಯಾಗಿ ನೀರು ಕುಡಿದು ತುಳಸಿಯೇ ಕೊಳೆತುಹೋಯಿತು. ರಿಜೆಕ್ಟ್.

ಮೂರನೆಯದರ ಕಥೆ ಕೇಳಿ. ಯುದ್ಧಕಾಲದಲ್ಲಿ ಯಲಹಂಕದ ವಿಮಾನದ ಮೈದಾನದಲ್ಲಿದ್ದ ಸಾಮಾನುಗಳನ್ನೆಲ್ಲ ಆಮೇಲೆ ಹರಾಜು ಹಾಕಿದ್ದರು, ಅದರಲ್ಲಿ ಒಂದು ಅದ್ಭುತವಾದ ಪ್ರೀಆಂಪು ಬಾಗಲೂರಿನ ರೈತರೊಬ್ಬರ ಮನೆ ಸೇರಿದೆ ಎಂದು ಯಾರೋ ಹೇಳಿದರು. ರೈತರಿಗೂ ಪ್ರೀಆಂಪಿಗೂ ಏನು ಸಂಬಂಧ ಎಂದು ನಮಗೆ ಹೊಳೆಯಲೇ ಇಲ್ಲ ನೋಡಿ. ಬಸ್ಸು ಹಿಡಿದು, ಆಮೇಲೆ ರಾಗಿಹೊಲದ ಬದುವಿನಲ್ಲಿ ನಡೆದು, ನಾನೂ ಭಾವನವರೂ ಅವರ ಮನೆ ತಲುಪಿದೆವು. ಯಜಮಾನರು ಆದರದಿಂದ ಮಜ್ಜಿಗೆ ಕೊಟ್ಟು ಕೊಟ್ಟಿಗೆಗೆ ಕರೆದುಕೊಂಡು ಹೋದರು.

"ಇಂಗೆ ಬನ್ನಿ ಸೋಮಿ. ಅಗೋ, ಅದೇಯ."

ಭಾರಿ ಕಬ್ಬಿಣದ ಪೆಟ್ಟಿಗೆ. ಮೇಲ್ಮುಚ್ಚಳವಿಲ್ಲ. ಒಳಗೆ ಗಾಜಿನ ವ್ಯಾಲ್ವುಗಳ ನಡುವೆ ಹುಲ್ಲು ಹಾಸಿ, ಒಂದು ಕೆಂಪು ಕೋಳಿ ಗಂಭೀರವಾಗಿ ಕೂತಿತ್ತು. ಭಾವನವರು ಕೈ ಚಾಚಿದರೆ ಕುಕ್ಕಿತು.

"ಕಾವಿಗೆ ಕೂತೈತೆ. ಈಗ ಎಬ್ಬಿಸಬ್ಯಾಡಿ. ಮರಿ ಎದ್ಮೇಲೆ ನಾನೇ ತಂದ್ಕೊಡ್ತೀನಿ, ಓಗಿ."

ಕಾರ್ಖಾನೆಯಲ್ಲಿ ಮೇಲಧಿಕಾರಿಗಳನ್ನೇ ಕಾಯಿಸುತ್ತಿದ್ದ ಭಾವನವರು ಕೋಳಿಗಾಗಿ ಮೂರು ವಾರ ಕಾದರು. ಯಜಮಾನರು ಮಾತಿಗೆ ತಪ್ಪದೆ ಪೆಟ್ಟಿಗೆಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಜೊತೆಗೆ ಪ್ರೀತಿಯಿಂದ ಒಂದು ಮರಿಯನ್ನೂ ತಂದಿದ್ದರು. ಭಾವನವರು ಅದನ್ನು ತೊಳೆದು (ಪೆಟ್ಟಿಗೆಯನ್ನು), ವ್ಯಾಲ್ವು ಬದಲಿಸಿ, ಹೇಗೋ ಜೀವ ತುಂಬಿದರು. ಆಲಾಪನೆ ನಿಧಾನವಾಗಿ ಏರುತ್ತಿತ್ತು. ಗಾಯಕರು ಮೇಲಿನ ಷಡ್ಜ ಮುಟ್ಟಬೇಕು, ಅಷ್ಟರಲ್ಲಿ ಎಡಗಡೆಯ ಪೆಟ್ಟಿಗೆಯಿಂದ ಯಾರೋ ಇಂಗ್ಲಿಷಿನಲ್ಲಿ ವಿಮಾನ ಇಳಿಸಲು ಅಪ್ಪಣೆ ಕೇಳಿದರು. ಬಲಗಡೆಯ ಪೆಟ್ಟಿಗೆ ಅಪ್ಪಣೆ ಕೊಟ್ಟಿತು. ಗಾಯಕರು ಏನೂ ಆಗದವರಂತೆ ಮುಂದುವರಿಸಿದರು. ಹಿತ್ತಲಲ್ಲಿದ್ದ ಅಕ್ಕ "ಯಾರೇ ಬಂದಿರೋದು?" ಎಂದು ನನ್ನನ್ನು ಕೇಳಿದಳು. ರಿಜೆಕ್ಟ್. ಮರಿಯನ್ನು ಮಾತ್ರ ಇಟ್ಟುಕೊಂಡೆವು.

ನಾಲ್ಕನೆಯದು ನಿಜಕ್ಕೂ ದೊಡ್ಡ ಮನೆತನದ್ದು. ಹೆಬ್ಬಾಳದ ಕೆರೆಯ ಹತ್ತಿರ ಮನೆ ಕಟ್ಟಿಕೊಂಡಿದ್ದ ನಿವೃತ್ತ ಮೇಜರರೊಬ್ಬರು ವಿದೇಶದಿಂದ ತಂದದ್ದು. ಅವರಿಗೆ ಊರು ಬಿಡುವುದಿತ್ತು. ಒಪ್ಪಿಗೆಯಾದರೆ ಇಟ್ಟುಕೊಳ್ಳಿ ಎಂದು ತಾವೇ ಜೀಪಿನಲ್ಲಿ ತಂದು ಜೋಡಿಸಿದರು. ಜೊತೆಗೆ ಪರೀಕ್ಷೆಗೆಂದೇ ಮಾಡಿದ ಒಂದು ರೆಕಾರ್ಡನ್ನೂ ತಂದಿದ್ದರು. ಅದರಲ್ಲಿ ಒಂದು ರೈಲುಗಾಡಿ ಎಡಗಡೆಯಿಂದ ಬಲಗಡೆಗೆ ಓಡುತ್ತದೆ. ರಂಗಪ್ಪನವರು ಕುರ್ಚಿಯಲ್ಲಿ ಕೂತು ಕೇಳಿ, "ನೆಲಾನೇ ಅದುರ್ತು ಗುರುವೇ!" ಎಂದು ಕುಣಿದರು. ಆಮೇಲೆ ನೋಡಿದರೆ ಅದು ನಮ್ಮ ಮನೆಯ ಪಕ್ಕದ ಹಳಿಯ ಮೇಲೆ ಹೋದ ತುಮಕೂರು ಪ್ಯಾಸೆಂಜರು. ರೆಕಾರ್ಡನ್ನು ಇನ್ನೂ ಹಾಕಿರಲೇ ಇಲ್ಲ.

ಆದರೂ ಆ ಪ್ರೀಆಂಪಿಗೆ ಹೆಸರಿಡುವಂತಿರಲಿಲ್ಲ. ಗುಂಯ್ ಇಲ್ಲ, ವಿಮಾನವಿಲ್ಲ, ಗಾಯಕರು ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಭಾವನವರು ಕೊನೆಗೂ ಹಸಿರು ಪೆನ್ಸಿಲನ್ನು ಹೊರತೆಗೆದರು. "ಇವಳೇ, ಬಾ ಇಲ್ಲಿ" ಎಂದು ಕರೆದರು. ಅಕ್ಕ ಬಾಗಿಲವರೆಗೆ ಬಂದಳು. ಕುರ್ಚಿಯನ್ನು ನೋಡಿದಳು. ಅದರ ಸುತ್ತ ನಿಂತ ಪರೀಕ್ಷಕರನ್ನು ನೋಡಿದಳು. "ಹಾಲಿನವನು ಬಂದಿದ್ದಾನೆ" ಎಂದು ಹೊರಟುಹೋದಳು.

ಭಾವನವರು ಹಸಿರು ಪೆನ್ಸಿಲನ್ನು ಜೇಬಿಗಿಟ್ಟು ಕೆಂಪನ್ನು ತೆಗೆದರು.

"ನಿಮಗೆ ತಲೆ ನೆಟ್ಟಗಿದೆಯೇನ್ರೀ? ಇದರಲ್ಲಿ ಏನ್ ದೋಷ ಕಂಡ್ರಿ?" ಮೇಜರರ ಮುಖ ಕೆಂಪಾಯಿತು.

"ನನಗೇನೂ ಕಾಣಿಸ್ಲಿಲ್ಲ ಸಾರ್. ಆದ್ರೆ ಇದೆ. ಇಲ್ದಿದ್ರೆ ಅವಳು ಕೂರ್ತಿದ್ಲು."

ಮೇಜರರು ತಂತಿಗಳನ್ನು ಕಿತ್ತು, ಪ್ರೀಆಂಪನ್ನು ಕಂಕುಳಲ್ಲಿ ಅವುಚಿಕೊಂಡು ಜೀಪು ಹತ್ತಿದರು. ಇಂಟು ಹಾಕಿಸಿಕೊಳ್ಳದೆ ನಮ್ಮ ಮನೆಯಿಂದ ಹೋದ ಪ್ರೀಆಂಪು ಅದೊಂದೇ. ಮತ್ತೆ ರಂಗಪ್ಪನವರ ಗುಂಯ್‌ಗುಟ್ಟುವ ಪ್ರೀಆಂಪೇ ಗತಿಯಾಯಿತು.

ಸ್ವಲ್ಪ ದಿನಕ್ಕೆ ಎಡಗಡೆಯ ಪೆಟ್ಟಿಗೆಯೊಳಗೆ ಇಲಿ ಹೊಕ್ಕು ಕಾಗದದ ಭಾಗವನ್ನು ತಿಂದುಹಾಕಿತು. ಪೆಟ್ಟಿಗೆ ರಿಪೇರಿಗೆಂದು ಆಚಾರಿಯ ಮನೆಗೆ ಹೋಯಿತು. ಬಲಗಡೆಯದೊಂದೇ ಉಳಿಯಿತು. ಒಂದು ಶನಿವಾರ ಮಧ್ಯಾಹ್ನ, ಭಾವನವರು ಕಾರ್ಖಾನೆಯಲ್ಲಿದ್ದರು. ನಾನು ಒಳಕೋಣೆಯಲ್ಲಿ ಮಂಚದ ಮೇಲೆ ಮಕ್ಕಳ ಉತ್ತರಪತ್ರಿಕೆಗಳನ್ನು ಹರಡಿಕೊಂಡಿದ್ದೆ. ಹಜಾರದಲ್ಲಿ ಹಾಡು ಶುರುವಾಯಿತು. ಬಗ್ಗಿ ನೋಡಿದೆ.

ಎರಡು ವರ್ಷದಿಂದ ಯಂತ್ರದ ಹತ್ತಿರ ಸುಳಿಯದಿದ್ದ ಅಕ್ಕ ತಾನೇ ರೆಕಾರ್ಡು ಹಾಕಿದ್ದಳು. ಕುರ್ಚಿಯಲ್ಲಿ ಕೂತಿರಲಿಲ್ಲ. ನೆಲದ ಮೇಲೆ, ಬಲಗಡೆಯ ಪೆಟ್ಟಿಗೆಗೆ ಆತುಕೊಂಡು ಕೂತು, ಕಮಲದ ಮೇಲೆ ಅಂಗೈಯಿಟ್ಟು ಕಣ್ಣುಮುಚ್ಚಿದ್ದಳು. ಪಿಟೀಲಿನ ಪೆಟ್ಟಿಗೆ ಆಚಾರಿಯ ಮನೆಯಲ್ಲಿತ್ತು. ಪಿಟೀಲಿಲ್ಲದ ಆ ಅರೆ ಕಚೇರಿಯನ್ನು ಅವಳು ಹಸಿದವರು ಉಣ್ಣುವ ಹಾಗೆ ಕೇಳುತ್ತಿದ್ದಳು.

ಆಮೇಲೆ ನೋಡಿದರೆ ಬೀದಿಬಾಗಿಲಿನಲ್ಲಿ ಭಾವನವರು ನಿಂತಿದ್ದರು. ಅಂದು ಬಸ್ಸು ಬೇಗ ಬಂದಿತ್ತೋ ಏನೋ. ಚಪ್ಪಲಿ ಬಿಟ್ಟು, ಊಟದ ಡಬ್ಬಿಯನ್ನು ಎದೆಗವುಚಿಕೊಂಡು, ಎಷ್ಟೋ ಹೊತ್ತಿನಿಂದ ನಿಂತವರಂತೆ ನಿಂತಿದ್ದರು. ಒಂದು ಮಗ್ಗುಲು ಮುಗಿಯಿತು. ಅಕ್ಕ ರೆಕಾರ್ಡನ್ನು ತಿರುವಿ ಹಾಕಿ ಮತ್ತೆ ಕೂತಳು. ಬಾಗಿಲು ಅವಳ ಬೆನ್ನಿಗಿತ್ತು.

ಭಾವನವರು ಮೆಲ್ಲಗೆ ಒಳಗೆ ಬಂದು ಅವಳ ಎಡಗಡೆ, ಒಂದು ಮಾರು ದೂರದಲ್ಲಿ ನಿಂತರು. "ಇವಳೇ" ಎಂದರು. ಅವಳು ಕದಲಲಿಲ್ಲ. ಇನ್ನೂ ಒಂದು ಹೆಜ್ಜೆ ಹತ್ತಿರ ಬಂದರು. "ಇವಳೇ" ಎಂದು ಮತ್ತೆ ಕರೆದರು. ಒಳಗಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಕಣ್ಣು ಬಿಡಲಿಲ್ಲ. ಅವರು ಹಿಂದಿನಿಂದ ಸುತ್ತಿಕೊಂಡು ಬಲಗಡೆಗೆ ಬಂದು, ಅದೇ ದೂರದಲ್ಲಿ, ಅಷ್ಟೇ ಮೆತ್ತಗೆ, "ಕಾಫಿ ಇದೆಯೇನೇ?" ಎಂದರು. ಅಕ್ಕ ಬೆಚ್ಚಿ ಎದ್ದಳು.

"ಅಯ್ಯೋ, ಯಾವಾಗ ಬಂದ್ರಿ? ಧೂಳು ಒರೆಸ್ತಿದ್ದೆ."

"ಈಗ ತಾನೆ ಬಂದೆ" ಎಂದರು ಭಾವನವರು.

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಫಿ ಲೋಟ ಹಿಡಿದು ಹಿತ್ತಲಿನ ಮೆಟ್ಟಿಲ ಮೇಲೆ ಕೂತರು. ಡಿಕಾಕ್ಷನ್ ತೆಳು, ಹಾಲು ಹೆಚ್ಚು ಎಂದು ದಿನಾ ರಾಗ ತೆಗೆಯುತ್ತಿದ್ದವರು ಅಂದು ಅದು ಆರಿ ಕೆನೆಕಟ್ಟುವವರೆಗೆ ಕೈಯಲ್ಲೇ ಹಿಡಿದಿದ್ದು, ಆಮೇಲೆ ಗಟಗಟನೆ ಕುಡಿದರು.

ನನಗೆ ಆಗ ಹೊಳೆದದ್ದು ಅಮ್ಮನ ಜಮಖಾನ. ಅಕ್ಕನಿಗೆ ಸಣ್ಣವಳಿದ್ದಾಗ ವಿಷಮಶೀತ ಜ್ವರ ಬಂದು ಬದುಕಿ ಉಳಿದದ್ದೇ ಹೆಚ್ಚು ಎಂದು ಮನೆಯಲ್ಲಿ ಹೇಳುತ್ತಿದ್ದರು. ಆ ಜ್ವರ ಅವಳ ಎಡಗಿವಿಯನ್ನು ತೆಗೆದುಕೊಂಡು ಹೋಯಿತೆಂದು ಯಾರೂ ಹೇಳಿರಲಿಲ್ಲ. ಹೇಳಿದರೆ ಮದುವೆಯಾಗುವುದು ಹೇಗೆ? ಗಂಡಿನವರು ಅವಳ ಬಲಗಡೆಗೇ ಕೂರುವಂತೆ ಅಮ್ಮ ಜಮಖಾನ ಹಾಸಿದ್ದಳು. ಒಂದೇ ಕಿವಿಯಿದ್ದವರಿಗೆ ಹಾಡು ಕೇಳುತ್ತದೆ, ಅಪಸ್ವರವೂ ಕೇಳುತ್ತದೆ. ಪಿಟೀಲು ಯಾವ ಕಡೆಯಿಂದ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ. ಅದನ್ನೇ ನಾವು ಎಲ್ಲರೆದುರು ಕುರ್ಚಿಯಲ್ಲಿ ಕೂರಿಸಿ ಕೇಳುತ್ತಿದ್ದೆವು! ಅವಳು ಓಡಿಹೋದದ್ದು ಪ್ರೀಆಂಪಿಗೆ ಹೆದರಿ ಅಲ್ಲ, ಗಂಡನ ಆ ಒಂದು ಪ್ರಶ್ನೆಗೆ ಹೆದರಿ. ಅವಳ ಒಡಹುಟ್ಟಿದ ನಾನು ಇದನ್ನು ಕಾಣದೆ ಹುಬ್ಬಿನಲ್ಲಿ ಉತ್ತರ ತೋರಿಸಿ ನಕ್ಕಿದ್ದೆ. ನನಗೆ ತುಂಬ ನಾಚಿಕೆಯಾಯಿತು.

ಮರುದಿನ ಭಾನುವಾರ ರಂಗಪ್ಪನವರು ಬರುವ ಹೊತ್ತಿಗೆ ಭಾವನವರು ಮೊಣಕಾಲೂರಿ ಕೂತು, ನೆಲದ ಮೇಲಿದ್ದ ನಾಲ್ಕು ಬಿಳಿ ಬಳೆಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕುತ್ತಿದ್ದರು. ಕುರ್ಚಿ ಅಂಗಳ ಸೇರಿ, ಅದರ ಮೇಲೆ ಬಾಗಲೂರಿನ ಕೋಳಿ ಕೂತಿತ್ತು.

"ಇದೇನ್ ಸಾರ್?"

"ಸ್ಟೀರಿಯೋ ಎಲ್ಲಾ ಮೋಸ ಕಣ್ರೀ ರಂಗಪ್ಪ. ಕಚೇರಿಗೆ ಹೋದಾಗ ಪಿಟೀಲು ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳ್ತಾರೇನ್ರೀ? ರಿಜೆಕ್ಟ್."

"ಎರಡ್ ವರ್ಷ ನಮ್ ಜೀವ ತಿಂದ್ರಲ್ಲ ಸಾರ್! ಮೇಜರ್ ಹತ್ರ ಬೈಸ್ಕೊಂಡಿದ್ದಾಯ್ತು, ತುಳಸಿ ಕೊಳೆಸಿದ್ದಾಯ್ತು."

"ತಿಳಿಯೋಕೆ ಅಷ್ಟು ದಿನ ಬೇಕಾಯ್ತು. ನಾನು ಸ್ವಲ್ಪ ದಡ್ಡ."

ರಂಗಪ್ಪನವರು ಅದನ್ನು ಸೋಮವಾರ ಕಾರ್ಖಾನೆಯ ಬಸ್ಸಿನ ತುಂಬ ಹರಡಿದರು. ಇನ್‌ಸ್ಪೆಕ್ಷನ್ನಿನವರಿಗೆ ತಲೆ ಪೂರ್ತಿ ಕೆಟ್ಟಿದೆ ಎಂದು ಎಲ್ಲರೂ ನಕ್ಕರು. ಭಾವನವರು ಯಾರಿಗೂ ಏನೂ ಹೇಳಲಿಲ್ಲ, ನಗಲು ಬಿಟ್ಟರು.

ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಯಿತು. ಪಿಟೀಲಿನ ದನಿ ತರುವ ಎಡಗಡೆಯ ತಂತಿ, ಮೃದಂಗದ ದನಿ ತರುವ ಬಲಗಡೆಯ ತಂತಿ ಎರಡನ್ನೂ ಸೇರಿಸಿ ಅದರೊಳಗೆ ಬೆಸುಗೆ ಹಾಕಿದರು. ಒಂದೇ ಪ್ರೀಆಂಪು, ಒಂದೇ ಪೆಟ್ಟಿಗೆ. ಗುಲಾಬಿ ಹೂವಿನ ಮೇಲಿದ್ದ ಕೆಂಪು ಇಂಟನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಜಮಖಾನ ಬಿಚ್ಚಿದರು. ಈ ಗೋಡೆಗೆ ಹಾಸಿದರು, ನೋಡಿದರು. ಆ ಗೋಡೆಗೆ ಎಳೆದರು, ನೋಡಿದರು. ಮತ್ತೆ ಈ ಗೋಡೆಗೆ ಎಳೆದರು.

"ಯಾಕ್ರೀ ಅದನ್ನ ಹಾಗೆ ಎಳೆದಾಡ್ತೀರಿ?" ಎಂದಳು ಅಕ್ಕ.

"ಬಿಸಿಲು ಕಣ್ಣಿಗೆ ಹೊಡೆಯುತ್ತೆ" ಎಂದರು ಭಾವನವರು. "ಇಲ್ಲಿ ಕೂತ್ಕೋ. ಪ್ರಶ್ನೆಗಿಶ್ನೆ ಏನಿಲ್ಲ."

ಅಕ್ಕ ಕೂತಳು. ಪೆಟ್ಟಿಗೆ ಅವಳ ಬಲಗಡೆಗಿತ್ತು. ಕೈ ತಾನಾಗಿ ಅದರ ಮೇಲೆ ಹೋಯಿತು. ಒಂದು ಮಗ್ಗುಲು ಮುಗಿಯಿತು, ಭಾವನವರು ತಿರುವಿ ಹಾಕಿದರು. ಎರಡನೆಯದೂ ಮುಗಿಯಿತು. ಅಕ್ಕ ಕಣ್ಣೊರೆಸಿಕೊಂಡು, "ಈ ಪಿಟೀಲಿನವರು ಇಷ್ಟು ಚೆನ್ನಾಗಿ ನುಡಿಸಿದ್ದಾರೆ ಅಂತ ನಂಗೆ ಗೊತ್ತೇ ಆಗಿರ್ಲಿಲ್ಲ ಕಣೇ" ಎಂದು ನನಗೆ ಹೇಳಿದಳು. ಭಾವನವರು ಹಸಿರು ಪೆನ್ಸಿಲಿನಲ್ಲಿ ಡಬ್ಬಿಯ ಮೇಲೆ ರೈಟು ಮಾರ್ಕು ಹಾಕಿದರು.

ಮಂಗಳವಾರ ಬೆಳಿಗ್ಗೆ ನಾನೂ ಅವರೂ ಒಟ್ಟಿಗೆ ಮನೆ ಬಿಟ್ಟೆವು. ಸಣ್ಣಗೆ ಮಳೆ ಹನಿಯುತ್ತಿತ್ತು. ಬಸ್ಸು ನಿಲ್ಲುವ ಜಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಬಾರದೆಂದುಕೊಂಡರೂ ತಡೆಯಲಾಗಲಿಲ್ಲ.

"ಭಾವ, ಶನಿವಾರ ನಾನೂ ನೋಡ್ದೆ. ಅಮ್ಮ ನಿಮ್ ಹತ್ರ ಮುಚ್ಚಿಟ್ಟಿದ್ದು ತಪ್ಪು. ಅಕ್ಕನ ಕಿವಿ..."

ಅವರು ಕೈಯೆತ್ತಿ ತಡೆದರು. ಕೊಡೆಯನ್ನು ನನ್ನ ಕಡೆಗೆ ತುಸು ವಾಲಿಸಿ ಹಿಡಿದರು.

"ನಿಮ್ಮಕ್ಕಂಗೆ ನಾನು ಅವತ್ತೇ ಹಸಿರು ಹಾಕಿದೀನಿ ಕಣಮ್ಮ. ಪಾಸಾದ್ದನ್ನ ಮತ್ತೆ ಟೆಸ್ಟಿಗೆ ತಗೊಳ್ಳೋ ಹಾಗಿಲ್ಲ."

ಅಷ್ಟರಲ್ಲಿ ಬಸ್ಸು ಬಂತು. ಭಾವನವರು ಕೊಡೆಯನ್ನು ನನ್ನ ಕೈಗೆ ಕೊಟ್ಟು, ನೆನೆದ ಬಲಭುಜವನ್ನು ಒರೆಸಿಕೊಳ್ಳುತ್ತಾ ಹತ್ತಿ ಹೋದರು.